ಹಾನ್ ಕಾಲದ ಕಂಚಿನ ಕನ್ನಡಿ: ಎರಡು ಎರಕ, ಒಂದು ಮುಖ

ಕೆಲಸದ ಮೇಲೆ ಶಾಂಘೈಗೆ ಬಂದು ನಾಲ್ಕು ವರ್ಷ ಆಯಿತು. ಇಲ್ಲಿನ ಶಾಂಘೈ ಮ್ಯೂಸಿಯಂನಲ್ಲಿ ಪಶ್ಚಿಮ ಹಾನ್ ರಾಜವಂಶದ ಕಾಲದ ಒಂದು ಪುಟ್ಟ ಕಂಚಿನ ಕನ್ನಡಿ ಇದೆ, ಅಂಗೈಗಿಂತ ಸಣ್ಣದು, ಎರಡು ಸಾವಿರ ವರ್ಷ ಹಳೆಯದು. ಬೆನ್ನಲ್ಲಿ ಎಂಟು ಅಕ್ಷರ: ಸೂರ್ಯನ ಬೆಳಕು ಕಂಡಾಗ ಲೋಕವೆಲ್ಲ ಬೆಳಗುತ್ತದೆ ಅಂತ. ಮುಖ ಪೂರ್ತಿ ನುಣುಪು, ಒಂದು ಗೆರೆಯೂ ಇಲ್ಲ. ಆದರೆ ಅದನ್ನು ಬಿಸಿಲಿಗೆ ಹಿಡಿದು ಬೆಳಕನ್ನು ಗೋಡೆಗೆ ಬೀಳಿಸಿದರೆ ಬೆನ್ನಿನ ಅಕ್ಷರ, ಬೆನ್ನಿನ ಗೆರೆ ಆ ಬೆಳಕಿನೊಳಗೆ ಕಾಣುತ್ತವೆ, ಕಂಚಿನ ಮೂಲಕವೇ ಬೆಳಕು ತೂರಿ ಬಂದ ಹಾಗೆ. ಇದನ್ನು ತಿಳಿದ ದಿನದಿಂದ ಒಂದು ಕನ್ನಡಿಯನ್ನು ನಾನೇ ಎರಕ ಹೊಯ್ಯಬೇಕು ಅಂತ ಹಠ ಹಿಡಿದೆ. ಹೊಯ್ದೂ ಆಯಿತು. ವ್ಯಾಸ 14 ಸೆಂ.ಮೀ., ತೂಕ 405 ಗ್ರಾಂ. ಎಲ್ಲೆಲ್ಲಿ ಎಡವಿದೆ, ಏನು ಕಲಿತೆ ಎಲ್ಲ ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಊರಿನ ಹೊರಗೆ ಶಿಲ್ಪಿಗಳಿಗೆ ಎರಕ ಹೊಯ್ದುಕೊಡುವ ಒಂದು ಸಣ್ಣ ಕಾರ್ಖಾನೆ ಇದೆ. ಶನಿವಾರ, ಭಾನುವಾರ ಅಲ್ಲಿ ಜಾಗ ಬಾಡಿಗೆಗೆ ಸಿಗುತ್ತದೆ. ಅಲ್ಲಿನ ಹಿರಿಯ ಎರಕದವರನ್ನು ಎಲ್ಲರೂ ಶಿಫು ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನಮ್ಮಲ್ಲಿ ಮೇಸ್ತ್ರಿ ಅಂದ ಹಾಗೆ, ಆದರೆ ಅದರಲ್ಲಿ ಗುರು ಅನ್ನುವ ಗೌರವವೂ ಸೇರಿದೆ. ಅವರಿಲ್ಲದೆ ಈ ಕನ್ನಡಿ ಆಗುತ್ತಿರಲಿಲ್ಲ.

ಮೊದಲು ಯಾವ ಕನ್ನಡಿ ಮಾಡೋದು ಅನ್ನುವ ಪ್ರಶ್ನೆ. ಚೀನಾದಲ್ಲಿ ಕಂಚಿನ ಕನ್ನಡಿ ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಚಿಜ್ಯಾ ಸಂಸ್ಕೃತಿಯ ಕಾಲದಿಂದಲೂ ಇದೆ. ಆನ್‌ಯಾಂಗ್‌ನಲ್ಲಿ 1976ರಲ್ಲಿ ಸಿಕ್ಕ, ಮೂರು ಸಾವಿರ ವರ್ಷಕ್ಕೂ ಹಿಂದಿನ ರಾಣಿ ಫು ಹಾವ್ ಸಮಾಧಿಯಲ್ಲೂ ನಾಲ್ಕು ಇದ್ದವು. ನನ್ನ ಮನಸ್ಸು ನಿಂತಿದ್ದು ಮಾತ್ರ ಹಾನ್ ಕಾಲದ ಒಂದು ವಿನ್ಯಾಸದ ಮೇಲೆ, ಅದು ವಾಂಗ್ ಮಾಂಗ್ ಆಳಿದ ಕ್ರಿ.ಶ. 9ರಿಂದ 23ರ ಹೊತ್ತಿಗೆ ತುಂಬಾ ಜನಪ್ರಿಯವಾಗಿತ್ತು. ಪಶ್ಚಿಮದ ವಿದ್ವಾಂಸರು ಅದನ್ನು ಟಿ-ಎಲ್-ವಿ ಕನ್ನಡಿ ಅನ್ನುತ್ತಾರೆ, ಗೆರೆಗಳು ಆ ಇಂಗ್ಲಿಷ್ ಅಕ್ಷರಗಳ ಹಾಗೆ ಕಾಣುತ್ತವೆ ಅಂತ. ಇಲ್ಲಿನವರ ಹಳೆಯ ಹೆಸರು ಗುಯಿಜು, ಅಂದರೆ ಕೈವಾರ ಮತ್ತು ಮೂಲೆಮಟ್ಟ. ಈ ಹೆಸರೇ ನನಗೆ ಇಷ್ಟ. ಕೈವಾರದಿಂದ ಬರುವುದು ದುಂಡು, ಮೂಲೆಮಟ್ಟದಿಂದ ಬರುವುದು ಚೌಕ. ಹಳೆಯ ಚೀನೀಯರ ಲೆಕ್ಕದಲ್ಲಿ ಆಕಾಶ ದುಂಡು, ಭೂಮಿ ಚೌಕ.

ಈಗ ಕನ್ನಡಿಯ ಬೆನ್ನನ್ನು ನೋಡಿ. ನಟ್ಟನಡುವೆ ಒಂದು ಗುಬುಟು, ಅದರಲ್ಲಿ ಅಡ್ಡ ತೂತು, ಅದಕ್ಕೆ ರೇಷ್ಮೆ ದಾರ. ಚೀನೀ ಕನ್ನಡಿಗೆ ಸಾಮಾನ್ಯವಾಗಿ ಹಿಡಿ ಇರುವುದಿಲ್ಲ. ಬೇಲೂರಿನ ದರ್ಪಣಸುಂದರಿ ಕೈಯಲ್ಲಿರುವುದು ಹಿಡಿ ಇರುವ ಕನ್ನಡಿ ಅಲ್ವಾ, ಇಲ್ಲಿ ಹಾಗಲ್ಲ, ದಾರವನ್ನೇ ಹಿಡಿಯಬೇಕು. ಗುಬುಟಿನ ಸುತ್ತ ಚೌಕ, ಅದು ಭೂಮಿ. ಚೌಕದೊಳಗೆ ಹನ್ನೆರಡು ಸಣ್ಣ ಉಬ್ಬು, ಅವುಗಳ ನಡುನಡುವೆ ಹನ್ನೆರಡು ಅಕ್ಷರ. ಇಲಿ, ಎತ್ತು, ಹುಲಿ ಅಂತ ಚೀನೀ ವರ್ಷಗಳ ಹೆಸರು ಕೇಳಿದ್ದೀರಲ್ಲ, ಅದೇ ಚಕ್ರದ ಅಕ್ಷರಗಳು ಇವು. ಇವೇ ದಿಕ್ಕನ್ನೂ ಹೇಳುತ್ತವೆ, ದಿನದ ಜಾವವನ್ನೂ ಹೇಳುತ್ತವೆ. ಚೌಕದ ನಾಲ್ಕು ಬದಿಯಿಂದ ಹೊರಗೆ ಚಾಚಿದ ನಾಲ್ಕು ಟಿ, ಎದುರಿಗೆ ಅಂಚಿನಿಂದ ಒಳಗೆ ಬಾಗಿದ ನಾಲ್ಕು ಎಲ್, ಮೂಲೆಗಳಿಗೆ ಎದುರಾಗಿ ನಾಲ್ಕು ವಿ. ನಡುವಿನ ಜಾಗದಲ್ಲಿ ನಾಲ್ಕು ದಿಕ್ಕಿನ ಪ್ರಾಣಿಗಳು: ಪೂರ್ವಕ್ಕೆ ಹಸಿರುನೀಲಿ ನಾಗ (ಚೀನೀ ಡ್ರ್ಯಾಗನ್), ಪಶ್ಚಿಮಕ್ಕೆ ಬಿಳಿ ಹುಲಿ, ದಕ್ಷಿಣಕ್ಕೆ ಕೆಂಪು ಹಕ್ಕಿ, ಉತ್ತರಕ್ಕೆ ಹಾವು ಸುತ್ತಿಕೊಂಡ ಕರಿ ಆಮೆ. ಕೊನೆಗೆ ಗರಗಸದ ಹಲ್ಲಿನಂಥ ಅಂಚು, ಮೋಡದ ಸುರುಳಿ. ಕನ್ನಡಿ ಹಿಡಿದವನ ಬೆರಳು ಗುಬುಟಿನ ಮೇಲೆ, ಅಂದರೆ ಲೋಕದ ನಡುವೆ ಇರುತ್ತದೆ. ಸುಮ್ನೆ ಅಂದಕ್ಕೆ ಬಿಡಿಸಿದ ಒಂದು ಗೆರೆಯೂ ಇದರಲ್ಲಿ ಇಲ್ಲ ಅಂತ ನಾನು ನಂಬುತ್ತೇನೆ.

ಟಿ, ಎಲ್, ವಿ ಗೆರೆಗಳಿಗೆ ಇನ್ನೊಂದು ಮೂಲ ಇದೆ. ಹಾನ್ ಕಾಲದಲ್ಲಿ ಲ್ಯೂಬೋ ಅಂತ ಇಬ್ಬರು ಕೂತು ಆಡುವ ಮಣೆಯಾಟ ಇತ್ತು, ಅದರ ಮಣೆಯಲ್ಲೂ ಇದೇ ಗೆರೆಗಳು. 1993ರಲ್ಲಿ ಜಿಯಾಂಗ್ಸು ಪ್ರಾಂತ್ಯದ ಯಿನ್‌ವಾನ್‌ನ ಒಂದು ಸಮಾಧಿಯಲ್ಲಿ ಮರದ ಹಲಗೆ ಸಿಕ್ಕಿತು. ಅದರ ಮೇಲೆ ಅದೇ ಮಣೆಯ ಚಿತ್ರ, ಗೆರೆಗಳ ಉದ್ದಕ್ಕೂ ಅರವತ್ತು ದಿನದ ಚಕ್ರದ ಹೆಸರು, ಜೊತೆಗೆ ಶಕುನ ನೋಡುವ ಕ್ರಮ. ಅಂದರೆ ಆಟದ ಮಣೆ, ಶಕುನದ ಮಣೆ, ಕನ್ನಡಿಯ ಬೆನ್ನು ಮೂರಕ್ಕೂ ಒಂದೇ ನಕ್ಷೆ. ಅದಕ್ಕೇ ಈಗ ಬಹಳಷ್ಟು ಚೀನೀ ವಿದ್ವಾಂಸರು ಇದನ್ನು ಬೋಜು, ಅಂದರೆ ಆಟದ ಮಣೆಯ ಕನ್ನಡಿ ಅನ್ನುತ್ತಾರೆ.

ಇನ್ನು ಲೋಹ. ಸಾಮಾನ್ಯ ಕಂಚಿನಲ್ಲಿ ತವರ ನೂರಕ್ಕೆ ಹತ್ತರ ಆಸುಪಾಸು ಇರುತ್ತದೆ, ಬಣ್ಣ ಹಳದಿ. ಕನ್ನಡಿಗೆ ಅದು ಆಗಲ್ಲ. ಹಾನ್ ಕನ್ನಡಿಗಳಲ್ಲಿ ತವರ ಶೇ. 23ರಿಂದ 25ರಷ್ಟು, ಸೀಸ ಸುಮಾರು ಶೇ. 5, ಉಳಿದದ್ದು ತಾಮ್ರ. ತವರ ಜಾಸ್ತಿ ಆದಷ್ಟೂ ಲೋಹ ಬೆಳ್ಳಗಾಗುತ್ತದೆ, ಗಟ್ಟಿಯಾಗುತ್ತದೆ, ಹೊಳಪು ಚೆನ್ನಾಗಿ ಕೂರುತ್ತದೆ, ಕಡಿಮೆ ಶಾಖಕ್ಕೇ ಕರಗಿ ಸಣ್ಣ ಗೆರೆಯೊಳಗೂ ಹರಿಯುತ್ತದೆ. ಆದರೆ ಗಾಜಿನ ಹಾಗೆ ಒಡೆಯುತ್ತದೆ. ತಾಮ್ರ ಮತ್ತು ತವರ ಸೇರಿ ಒಳಗೆ ಒಂದು ಗಟ್ಟಿ, ಪೆಡಸು ಸಂಯುಕ್ತ ಹುಟ್ಟುತ್ತದೆ, ಅದನ್ನು ಡೆಲ್ಟಾ ಅನ್ನುತ್ತಾರೆ, ಹೊಳಪು ಕೊಡುವುದೂ ಅದೇ, ಒಡೆಯಿಸುವುದೂ ಅದೇ. ಕೇರಳದ ಆರನ್ಮುಳ ಕನ್ನಡಿ ಗೊತ್ತಿರಬಹುದು. ಬೆಂಗಳೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್‌ನ ಶಾರದಾ ಶ್ರೀನಿವಾಸನ್ ಅದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಅದರಲ್ಲಿ ತವರ ಶೇ. 33ರ ಹತ್ತಿರ, ಹೆಚ್ಚುಕಡಿಮೆ ಪೂರ್ತಿ ಡೆಲ್ಟಾ. ತೆಳು ಬಿಲ್ಲೆ ಎರಕ ಹೊಯ್ದು, ಮಸೆದು, ಹಿತ್ತಾಳೆ ಚೌಕಟ್ಟಿಗೆ ಕೂರಿಸುತ್ತಾರೆ. ಹಾನ್ ಕನ್ನಡಿಗೆ ಚೌಕಟ್ಟು ಇಲ್ಲ, ಅಂಚು, ಬೆನ್ನು, ಗುಬುಟು ಎಲ್ಲ ಒಂದೇ ಎರಕದಲ್ಲಿ ಬರಬೇಕು, ಹಾಗಾಗಿ ಸ್ವಲ್ಪ ಕಡಿಮೆ ತವರ.

ನಾನು ತೂಗಿದ್ದು ತಾಮ್ರ 900 ಗ್ರಾಂ, ತವರ 300, ಸೀಸ 50. ಅಂದರೆ ಶೇ. 72, 24, 4. ಹೊಯ್ಯುವ ಬಾಯಿಯಲ್ಲಿ ಉಳಿಯುವ ಲೋಹವನ್ನೂ ಸೇರಿಸಿದ ಲೆಕ್ಕ ಇದು.

ಅಚ್ಚಿಗೆ ಮಣ್ಣು. ಶಾನ್‌ಡಾಂಗ್ ಪ್ರಾಂತ್ಯದ ಲಿನ್‌ಜಿಯಲ್ಲಿ ಹಾನ್ ಕಾಲದ ಕನ್ನಡಿಯ ಮಣ್ಣಿನ ಅಚ್ಚುಗಳು ಬಹಳ ಸಿಕ್ಕಿವೆ. ಅವು ಕೈಗೆತ್ತಿಕೊಂಡರೆ ಹಗುರ, ಒಳಗೆ ತುಂಬಾ ಸಣ್ಣ ತೂತು, ಮಣ್ಣಿಗೆ ಉಮಿ ಬೂದಿ ಸೇರಿಸಿದ್ದಾರೆ. ಬೂದಿಯಿಂದ ಅಚ್ಚು ಒಣಗುವಾಗ ಕಡಿಮೆ ಕುಗ್ಗುತ್ತದೆ, ಗಾಳಿಗೆ ಹೊರಗೆ ಹೋಗಲು ದಾರಿ ಸಿಗುತ್ತದೆ, ಶಾಖ ಬೇಗ ಇಳಿಯುವುದಿಲ್ಲ. ನಾನು ಜರಡಿ ಹಿಡಿದ ಸಣ್ಣ ಜೇಡಿಮಣ್ಣಿಗೆ ಅದರಷ್ಟೇ ಅಳತೆ ಉಮಿ ಬೂದಿ ಹಾಕಿ ಕಲಸಿದೆ. ಎರಡು ಭಾಗದ ಅಚ್ಚು: ಒಂದು ಬೆನ್ನಿನದು, ಅದರಲ್ಲಿ ಕೆತ್ತನೆ. ಇನ್ನೊಂದು ಮುಖದ್ದು, ಬೋಳು. ಮೇಲೆ ಹೊಯ್ಯುವ ಬಾಯಿ, ಅದರ ಎರಡು ಪಕ್ಕ ಗಾಳಿಕಂಡಿ. ಲಿನ್‌ಜಿಯ ಅಚ್ಚುಗಳಲ್ಲೂ ಇದೇ ಏರ್ಪಾಡು ಇದೆ. ಗುಬುಟಿನ ತೂತಿಗೆ ಮಣ್ಣಿನ ಒಂದು ಕಡ್ಡಿ ಅಡ್ಡ ಇಟ್ಟೆ.

ಕೆತ್ತುವಾಗಲೇ ದೊಡ್ಡ ತಪ್ಪು ಮಾಡಿದೆ. ಮಣ್ಣು ಅರೆ ಒಣಗಿದಾಗ ನೇರ ಅಚ್ಚಿಗೇ ಕೆತ್ತಿದೆ, ಏಕೆಂದರೆ ಅಚ್ಚಿನಲ್ಲಿ ಕೊರೆದ ಗೆರೆ ಕಂಚಿನಲ್ಲಿ ಉಬ್ಬಾಗಿ ಬರುತ್ತದೆ, ಬೇರೆ ಮಾದರಿ ಬೇಕಿಲ್ಲ. ಅಕ್ಷರ ಉಲ್ಟಾ ಕೆತ್ತಬೇಕು ಅನ್ನುವುದು ಗೊತ್ತಿತ್ತು, ಹಾಗೇ ಕೆತ್ತಿದೆ. ಆದರೆ ಪ್ರಾಣಿಗಳ ಜಾಗ ಬದಲಿಸುವುದನ್ನು ಮರೆತೆ. ಎರಡು ವಾರಾಂತ್ಯದ ಕೆತ್ತನೆ ಮುಗಿಸಿ ಶಿಫುಗೆ ತೋರಿಸಿದೆ. ಅವರು ಮಾತಾಡದೆ ಒಂದು ಹಿಡಿ ಮೆತ್ತನೆ ಮಣ್ಣು ತಂದು ಅಚ್ಚಿಗೆ ಒತ್ತಿ ಎತ್ತಿದರು. ಒತ್ತಿದ ಮಣ್ಣಿನಲ್ಲಿ ಹುಲಿ ಎಡಕ್ಕೆ, ನಾಗ ಬಲಕ್ಕೆ.

"ನಾಗ ಯಾವ ಕಡೆ ಇರಬೇಕು?" ಅಂದರು.

ಅಂಚಿನ ಸುತ್ತ ನಾನೇ ಕೆತ್ತಿದ್ದ ಸಾಲು ಅದನ್ನು ಹೇಳುತ್ತಿತ್ತು. ಹಾನ್ ಕನ್ನಡಿಗಳಲ್ಲಿ ಮತ್ತೆ ಮತ್ತೆ ಬರುವ ಸಾಲು ಅದು: ಎಡಕ್ಕೆ ನಾಗ, ಬಲಕ್ಕೆ ಹುಲಿ, ಕೆಟ್ಟದ್ದನ್ನು ದೂರ ಇಡುತ್ತವೆ. ಕೆಂಪು ಹಕ್ಕಿ, ಕರಿ ಆಮೆ ಯಿನ್ ಯಾಂಗ್‌ಗೆ ಹೊಂದಿಕೊಂಡು ನಡೆಯುತ್ತವೆ. ಚೀನೀ ಕ್ರಮದಲ್ಲಿ ದಕ್ಷಿಣ ಮೇಲೆ, ಹಾಗಾಗಿ ಪೂರ್ವ ಎಡಕ್ಕೆ ಬರುತ್ತದೆ. ನನ್ನ ಅಚ್ಚಿನಿಂದ ಕನ್ನಡಿ ಬಂದಿದ್ದರೆ ಸೂರ್ಯ ಪಶ್ಚಿಮಕ್ಕೆ ಹುಟ್ಟುತ್ತಿದ್ದ. ಹನ್ನೆರಡು ಅಕ್ಷರದ ಸುತ್ತು ಹಿಂದುಮುಂದು, ಒಂದೇ ಕಡೆ ತಿರುಗಬೇಕಾದ ನಾಲ್ಕು ಎಲ್ ಗೆರೆಗಳೂ ಹಿಂದುಮುಂದು. ಬಿಡು, ಯಾರಿಗೆ ಗೊತ್ತಾಗುತ್ತೆ ಅಂತ ಒಂದು ಕ್ಷಣ ಅನ್ನಿಸಿತು. ಆದರೆ ಬೆನ್ನು ಲೋಕದ ನಕ್ಷೆ ಅಂತ ನಂಬಿ ಕೆಲಸಕ್ಕೆ ಕೈ ಹಾಕಿದವನು ದಿಕ್ಕನ್ನೇ ತಪ್ಪಿಸಿದರೆ ಉಳಿಯುವುದು ಬರೀ ಗೆರೆ. ಮೂರು ಮಿ.ಮೀ. ಮಣ್ಣು ಹೆರೆದು ಮತ್ತೆ ಮೊದಲಿನಿಂದ ಕೆತ್ತಿದೆ. ನೀವು ಮಾಡುವುದಾದರೆ ದಿನಾ ಕೆಲಸ ಮುಗಿಸುವ ಮುಂಚೆ ಮೆತ್ತನೆ ಮಣ್ಣು ಒತ್ತಿ ನೋಡಿ, ಅಚ್ಚನ್ನು ಕಣ್ಣಿಂದ ಓದಬೇಡಿ.

ಎರಡನೇ ಸಲ ಕೆತ್ತುವಾಗ ಒಂದು ಚಂದದ ವಿಷಯ ಗೊತ್ತಾಯಿತು. ಮಂಗಳ ಅನ್ನುವ ಅರ್ಥದ ಅಕ್ಷರದೊಳಗೇ ಕುರಿ ಅನ್ನುವ ಅಕ್ಷರ ಅಡಗಿದೆ, ಉಚ್ಚಾರವೂ ಹತ್ತಿರ. ಹಾನ್ ಕಾಲದ ಕುಶಲಿಗಳು ಎಷ್ಟೋ ಕನ್ನಡಿಗಳಲ್ಲಿ ಪೂರ್ತಿ ಅಕ್ಷರ ಬರೆಯದೆ ಬರೀ ಕುರಿ ಅಂತ ಬರೆದು ಬಿಟ್ಟಿದ್ದಾರೆ. ಸಣ್ಣ ಉಳಿ ಹಿಡಿದು ಅಕ್ಕಿಕಾಳಿನಷ್ಟು ಜಾಗದಲ್ಲಿ ಉಲ್ಟಾ ಅಕ್ಷರ ಕೊರೆಯುವಾಗ ನಾಲ್ಕೈದು ಗೆರೆ ಉಳಿಯುವುದು ಎಷ್ಟು ದೊಡ್ಡ ಉಪಕಾರ ಅಂತ ನನ್ನ ಬೆರಳಿಗೆ ಅರ್ಥವಾಯಿತು. ನಾನೂ ಕುರಿಯನ್ನೇ ಕೆತ್ತಿದೆ.

ಹತ್ತು ದಿನ ನೆರಳಲ್ಲಿ ಒಣಗಿಸಿ, ಎರಡು ಭಾಗವನ್ನೂ 750 ಡಿಗ್ರಿಗೆ ಸುಟ್ಟೆವು. ಬೋಳು ಭಾಗದಲ್ಲಿ ಕೂದಲೆಳೆಯಂಥ ಒಂದು ಬಿರುಕು ಬಂತು, ತೆಳು ಮಣ್ಣು ಬಳಿದು ಮುಚ್ಚಿದೆ.

ಮೊದಲ ಎರಕ. ಮೂಸೆಯಲ್ಲಿ ಮೊದಲು ತಾಮ್ರ, ಮೇಲೆ ಇದ್ದಿಲಿನ ಹೊದಿಕೆ, ಗಾಳಿ ತಾಗಿ ಲೋಹ ಕೆಡಬಾರದು ಅಂತ. ತಾಮ್ರ ಕರಗುವುದು 1085 ಡಿಗ್ರಿಗೆ. ಪೂರ್ತಿ ಕರಗಿದ ಮೇಲೆ ತವರ, ಕೊನೆಗೆ ಸೀಸ. ತವರ ಬೆರೆತ ಕೂಡಲೇ ಲೋಹ ನೀರಿನಂತಾಗುತ್ತದೆ, ನೋಡಲು ಬಹಳ ಚೆಂದ. ಸೀಸದ ಹೊಗೆ ಮಾತ್ರ ವಿಷ. ಗಾಳಿ ಎಳೆಯುವ ಫ್ಯಾನ್, ಸರಿಯಾದ ಮಾಸ್ಕ್ ಇಲ್ಲದೆ ಇದಕ್ಕೆ ಕೈ ಹಾಕಲೇಬೇಡಿ. ಕಿಟ್ಟ ತೆಗೆದು ಹೊಯ್ದೆವು. ಅಚ್ಚನ್ನು ಮೊದಲೇ ಬಿಸಿ ಮಾಡಿದ್ದೆ, ಆದರೆ ಹೊರಗೆ ತಂದು ಕಟ್ಟಿ ನಿಲ್ಲಿಸುವಷ್ಟರಲ್ಲಿ ಅದು ಆರಿಹೋಗಿತ್ತು, ನಾನು ಗಮನಿಸಲಿಲ್ಲ.

ಅಚ್ಚು ಬಿಚ್ಚಿದಾಗ ಕೆಳಗಿನ ಅಂಚಿನಲ್ಲಿ ಕಾಲಂಗುಲ ಲೋಹವೇ ಇಲ್ಲ, ತಲುಪುವ ಮುಂಚೆ ಹೆಪ್ಪುಗಟ್ಟಿತ್ತು. ಉಳಿದದ್ದು ಚೆನ್ನಾಗಿಯೇ ಬಂದಿತ್ತು. ಮಸೆಯುವುದನ್ನು ಅಭ್ಯಾಸ ಮಾಡಲಿಕ್ಕಾದರೂ ಆಗುತ್ತೆ ಅಂತ ಹೊಯ್ದ ಬಾಯಿಯ ತುಂಡನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಒಂದೇ ಏಟು. ತಟ್ಟೆ ಮೂರು ಹೋಳಾಗಿ ಕೆಳಗೆ ಬಿತ್ತು, ಸದ್ದು ಕೂಡ ಗಾಜಿನದ್ದೇ. ಒಡೆದ ಕಡೆ ನೋಡಿದರೆ ಬೆಳ್ಳಿಬೂದು ಬಣ್ಣ, ಸಕ್ಕರೆ ಹರಳಿನ ಹಾಗೆ ಮಿನುಗು. ಬಹಳ ಬೇಸರವಾಯಿತು. ಅದರಲ್ಲಿ ಆಮೆ ಅಷ್ಟು ಅಚ್ಚುಕಟ್ಟಾಗಿ ಬಂದಿತ್ತು.

ಶಿಫು ಹೋಳುಗಳನ್ನು ಆರಿಸಿ ಮೇಜಿನ ಮೇಲೆ ಜೋಡಿಸಿಟ್ಟು ನಾಲ್ಕು ಪದ ಹೇಳಿದರು: ಪೋ ಜಿಂಗ್ ಚೊಂಗ್ ಯುವಾನ್. ಒಡೆದ ಕನ್ನಡಿ ಮತ್ತೆ ದುಂಡಾಗುತ್ತದೆ. ಚೀನಾದಲ್ಲಿ ಅಗಲಿದ ಗಂಡಹೆಂಡತಿ ಮತ್ತೆ ಸೇರಿದರೆ ಹೀಗೆ ಹೇಳುತ್ತಾರೆ. ಅದರ ಹಿಂದಿನ ಕತೆ 589ರಲ್ಲಿ ಚೆನ್ ರಾಜ್ಯ ಬಿದ್ದ ಕಾಲದ್ದು. ರಾಜಕುಮಾರಿ ಲೆಚಾಂಗ್ ಮತ್ತು ಅವಳ ಗಂಡ ಶು ದೆಯಾನ್ ಅಗಲುವ ಮುಂಚೆ ಕಂಚಿನ ಕನ್ನಡಿಯೊಂದನ್ನು ಎರಡು ಮಾಡಿ ಒಬ್ಬೊಬ್ಬರು ಒಂದೊಂದು ಹೋಳು ಇಟ್ಟುಕೊಂಡರಂತೆ. ಮುಂದೆ ಸಂತೆಯಲ್ಲಿ ಮಾರಾಟಕ್ಕೆ ಬಂದ ಅರ್ಧ ಕನ್ನಡಿಯನ್ನು ಕಂಡು ಅವನು ಅವಳನ್ನು ಹುಡುಕಿದನಂತೆ. ಕತೆ ಮುಗಿಸಿ ಶಿಫು ಮೂರೂ ಹೋಳನ್ನು ಮೂಸೆಗೆ ಹಾಕಿದರು. "ಇದಕ್ಕೆ ಹೆಂಡತಿ ಬೇಕಿಲ್ಲ, ಬೆಂಕಿ ಸಾಕು. ಹತ್ತು ಗ್ರಾಂ ತವರ ಹಾಕು, ಮೊದಲ ಸಲ ಅಷ್ಟು ಸುಟ್ಟುಹೋಗಿರುತ್ತೆ."

ಅಚ್ಚು ಉಳಿದಿರಲಿಲ್ಲ, ಮೂರನೇ ಸಲ ಕೆತ್ತಿದೆ. ಈ ಸಲ ಕೈ ಪಳಗಿತ್ತು, ಆರು ದಿನಕ್ಕೆ ಮುಗಿಯಿತು. ಹೊಯ್ಯುವ ದಿನ ಅಚ್ಚನ್ನು ಕುಲುಮೆಯ ಪಕ್ಕದಲ್ಲೇ ಬಿಸಿ ಬೂದಿಯಲ್ಲಿ ಹೂತು, ಬಾಯಿ ಮಾತ್ರ ಮೇಲೆ ಬಿಟ್ಟು, ಅಲ್ಲೇ ಹೊಯ್ದೆವು. ಮೇಲೆ ಮತ್ತೆ ಬೂದಿ ಮುಚ್ಚಿ ರಾತ್ರಿಯಿಡೀ ಬಿಟ್ಟೆವು, ನಿಧಾನವಾಗಿ ಆರಲಿ ಅಂತ. ಬೆಳಿಗ್ಗೆ ಬಿಚ್ಚಿದಾಗ ಪೂರ್ತಿ ದುಂಡು. ಬಾಯಿಯ ತುಂಡನ್ನು ತಟ್ಟಲಿಲ್ಲ, ನೀರು ಬಿಡುತ್ತಾ ತೆಳು ಕಲ್ಲಿನ ಚಕ್ರದಲ್ಲಿ ಕೊಯ್ದೆ. ತೂಕ 498 ಗ್ರಾಂ. ನಾಗನ ಬಾಲದ ಹತ್ತಿರ ಸಣ್ಣ ಗಾಳಿತೂತು ಒಂದಿತ್ತು, ಅದು ಹಾಗೇ ಇದೆ.

ಅದರ ಚಿತ್ರವನ್ನು ಅಮ್ಮನಿಗೆ ಕಳಿಸಿದೆ. "ಹಿಂದುಗಡೆ ಇಷ್ಟೊಂದು ಬರ್ದಿದೀಯಲ್ಲೋ, ಮುಂದೆ ಮುಖ ಕಾಣ್ತದೇನೋ?" ಅಂದಳು. ಆಗ ಕಾಣುತ್ತಿರಲಿಲ್ಲ. ಮಬ್ಬು ಬೂದು ತಟ್ಟೆ, ಅಷ್ಟೇ. ಕ್ರಿ.ಪೂ. ಎರಡನೇ ಶತಮಾನದ ಹ್ವಾಯ್‌ನಾನ್‌ಜಿ ಗ್ರಂಥದಲ್ಲೂ ಇದೇ ಮಾತಿದೆ: ಅಚ್ಚಿನಿಂದ ಈಗಷ್ಟೇ ಬಂದ ಕನ್ನಡಿ ಮಬ್ಬು, ಮುಖ ಕಾಣದು. ಕಪ್ಪು ತವರ ಬಳಿದು ಬಿಳಿ ಉಣ್ಣೆಯ ನಮದೆಯಿಂದ ಉಜ್ಜಿದ ಮೇಲೆ ಹುಬ್ಬಿನ ಕೂದಲೂ ಕಾಣುತ್ತದೆ. ಈ ಕಪ್ಪು ತವರ ಯಾವುದು ಅಂತ ಇವತ್ತಿಗೂ ವಾದ ನಡೆದಿದೆ, ತವರ ಮತ್ತು ಪಾದರಸದ ಮಿಶ್ರಣ ಅನ್ನುವವರು ಹಲವರು. ಪಾದರಸಕ್ಕೆ ನಾನು ಕೈ ಹಾಕಲಿಲ್ಲ.

ಮಸೆಯುವುದು ನಿಜವಾದ ಕೆಲಸ. ನೀರು ಹಾಕಿಯೇ ಮಸೆಯಬೇಕು, ಸೀಸದ ಧೂಳು ಏಳಬಾರದು. ಮೊದಲು ಒರಟು ಕಲ್ಲು, ಆಮೇಲೆ ಉಪ್ಪುಕಾಗದ 120, 240, 400, 800, 1500, 3000. ಒಂದೊಂದು ನಂಬರಿಗೂ ದಿಕ್ಕು ಬದಲಿಸಿ ಉಜ್ಜುವುದು, ಹಿಂದಿನ ಗೀರು ಪೂರ್ತಿ ಹೋದ ಮೇಲೇ ಮುಂದಿನದು. 400ರಲ್ಲಿ ಅವಸರ ಮಾಡಿದೆ, 1500ಕ್ಕೆ ಬಂದಾಗ ಆ ಗೀರುಗಳು ಬೆಳಕಿಗೆ ಕಂಡವು, ಮತ್ತೆ 400ಕ್ಕೆ ಹೋದೆ. ಒಟ್ಟು ಹತ್ತೊಂಬತ್ತು ಗಂಟೆ. ಮುಖವನ್ನು ಸಮತಟ್ಟು ಮಾಡದೆ ನಡುವೆ 0.6 ಮಿ.ಮೀ. ಉಬ್ಬು ಬಿಟ್ಟೆ. ಇದಕ್ಕೆ ಕಾರಣ ಕೊಟ್ಟವರು ಸಾಂಗ್ ಕಾಲದ ವಿದ್ವಾಂಸ ಶೆನ್ ಕುವೊ, ಹನ್ನೊಂದನೇ ಶತಮಾನದವರು: ಹಿಂದಿನವರು ದೊಡ್ಡ ಕನ್ನಡಿಯನ್ನು ಸಮ ಮಾಡುತ್ತಿದ್ದರು, ಸಣ್ಣದನ್ನು ಉಬ್ಬಿಸುತ್ತಿದ್ದರು, ಉಬ್ಬಿದ್ದರೆ ಮುಖ ಚಿಕ್ಕದಾಗಿ ಪೂರ್ತಿ ಹಿಡಿಸುತ್ತದೆ ಅಂತ. ಆಮೇಲೆ ಕನ್ನಡಿ ಮಾಡಿದವರಿಗೆ ಇದು ತಿಳಿಯದೆ ಹಳೆಯ ಕನ್ನಡಿಯ ಉಬ್ಬನ್ನು ಮಸೆದು ಸಮ ಮಾಡುತ್ತಿದ್ದಾರಲ್ಲ ಅಂತ ಅವರಿಗೆ ನೋವು.

ಕೊನೆಗೆ ತವರದ ಆಕ್ಸೈಡ್ ಪುಡಿ, ಬಿಳಿ ನಮದೆ. ಮೊದಲು ಕಂಡದ್ದು ಟ್ಯೂಬ್‌ಲೈಟ್, ಆಮೇಲೆ ಕಿಟಕಿಯ ಸರಳು. ರಾತ್ರಿ ಒಂಬತ್ತರ ಹೊತ್ತಿಗೆ ನನ್ನ ಹುಬ್ಬು, ಒಂದೊಂದೇ ಕೂದಲು. ಗಾಜಿನ ಕನ್ನಡಿಯಂತೆ ತಣ್ಣನೆಯ ಬಿಂಬ ಅಲ್ಲ ಇದು, ಬೆಳ್ಳಿಗೆ ಸ್ವಲ್ಪ ಜೇನು ಬೆರೆಸಿದ ಹಾಗೆ. ಗಾಜಿನಲ್ಲಿ ಬೆಳಕು ಗಾಜನ್ನು ದಾಟಿ ಹಿಂದಿನ ಲೇಪಕ್ಕೆ ತಾಗಿ ಬರುತ್ತದೆ, ಇಲ್ಲಿ ಮೇಲ್ಮೈಯೇ ಮುಖ ಕೊಡುತ್ತದೆ. ಬೆರಳಿಟ್ಟರೆ ಬೆರಳು ಮತ್ತು ಬಿಂಬದ ನಡುವೆ ಸಂದೇ ಇಲ್ಲ. ನಾಲ್ಕನೇ ಶತಮಾನದ ಚೀನೀ ಲೇಖಕ ಗೆ ಹಾಂಗ್, ಬೆಟ್ಟಕ್ಕೆ ಹೋಗುವ ಸಾಧಕರು ಒಂಬತ್ತು ಚೀನೀ ಅಂಗುಲಕ್ಕಿಂತ ದೊಡ್ಡ ಕನ್ನಡಿಯನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದರು ಅಂತ ಬರೆದಿದ್ದಾರೆ. ಮುದಿ ದೆವ್ವಗಳು ಮನುಷ್ಯರ ವೇಷ ಹಾಕಬಹುದು, ಕನ್ನಡಿಯಲ್ಲಿ ಮಾತ್ರ ನಿಜರೂಪವೇ ಕಾಣುತ್ತದೆ ಅಂತ. ಈ ಬಿಂಬ ನೋಡಿದ ಮೇಲೆ ಆ ನಂಬಿಕೆ ಹೇಗೆ ಹುಟ್ಟಿತು ಅಂತ ನನಗೆ ಅರ್ಥವಾಗುತ್ತದೆ.

ಮಸೆದ ಮೇಲೆ 405 ಗ್ರಾಂ, ತೆಳುವಾದ ಕಡೆ ದಪ್ಪ 1.8 ಮಿ.ಮೀ. ಇನ್ನು ಉಳಿದದ್ದು ಬಿಸಿಲು. ಶಾಂಘೈಯಲ್ಲಿ ಆ ವಾರವೆಲ್ಲ ಮಳೆ. ಭಾನುವಾರ ಬೆಳಿಗ್ಗೆ ಮೋಡ ಸರಿಯಿತು. ಕಾರ್ಖಾನೆಯ ಬಾಗಿಲಲ್ಲಿ ನಿಂತು ಕನ್ನಡಿಯ ಬೆಳಕನ್ನು ಒಳಗಿನ ಸುಣ್ಣದ ಗೋಡೆಗೆ ಬೀಳಿಸಿದೆ, ಮೂರು ಮೀಟರ್ ದೂರಕ್ಕೆ.

ಶೆನ್ ಕುವೊ ಮನೆಯಲ್ಲೇ ಇಂಥ ಬೆಳಕು ತೂರುವ ಕನ್ನಡಿ ಮೂರು ಇದ್ದವಂತೆ. ಎರಕ ಆರುವಾಗ ತೆಳು ಜಾಗ ಬೇಗ, ದಪ್ಪ ಜಾಗ ತಡವಾಗಿ ಗಟ್ಟಿಯಾಗುತ್ತದೆ, ಅದರಿಂದ ಮುಖದ ಮೇಲೂ ಕಾಣದಷ್ಟು ಸಣ್ಣ ಗುರುತು ಉಳಿಯುತ್ತದೆ ಅಂತ ಅವರು ಊಹಿಸಿದ್ದರು. ಗುರುತು ಮುಖದಲ್ಲೇ ಇದೆ ಅನ್ನುವುದು ಸರಿ. ಮಸೆಯುವ ಒತ್ತಡಕ್ಕೆ ತೆಳು ಜಾಗ ಹಿಂದಕ್ಕೆ ಬಾಗಿ ಕಡಿಮೆ ಸವೆಯುತ್ತದೆ, ಕೈ ತೆಗೆದ ಮೇಲೆ ಒಂದಿಷ್ಟು ಜಾಸ್ತಿ ಉಬ್ಬುತ್ತದೆ, ಬೆಳಕನ್ನು ಚದುರಿಸುತ್ತದೆ. ಬೆನ್ನಲ್ಲಿ ಗೆರೆ ಇರುವ ದಪ್ಪ ಜಾಗ ಅಷ್ಟು ಉಬ್ಬುವುದಿಲ್ಲ, ಅಲ್ಲಿನ ಬೆಳಕು ಒತ್ತಾಗಿ ಬೀಳುತ್ತದೆ. ಭೌತವಿಜ್ಞಾನಿ ಮೈಕೆಲ್ ಬೆರಿ 2006ರಲ್ಲಿ ಇದರ ಗಣಿತವನ್ನು ಬಿಡಿಸಿ ಬರೆದಿದ್ದಾರೆ.

ನನ್ನ ಕನ್ನಡಿ ದಪ್ಪ ಜಾಸ್ತಿ, ಹಾಗಾಗಿ ದೊಡ್ಡ ಆಸೆ ಇಟ್ಟುಕೊಂಡಿರಲಿಲ್ಲ. ಗೋಡೆಯ ಮೇಲೆ ದುಂಡನೆಯ ಬೆಳಕು. ಮೊದಲು ಅಂಚಿನ ಬಳೆ ಕಂಡಿತು, ಉಳಿದದ್ದಕ್ಕಿಂತ ಬೆಳ್ಳಗೆ. ಕಣ್ಣು ಪಳಗಿದ ಮೇಲೆ ನಡುವೆ ಒಂದು ಚುಕ್ಕೆ, ಗುಬುಟು. ಶಿಫು ಬಾಗಿಲನ್ನು ಅರ್ಧ ಮುಚ್ಚಿದರು, ಕತ್ತಲೆ ಜಾಸ್ತಿ ಆಯಿತು, ಆಗ ಚುಕ್ಕೆಯ ಸುತ್ತ ಚೌಕ, ನಾಲ್ಕು ಬದಿ, ನಾಲ್ಕು ಮೂಲೆ. ನಾಗ ಇಲ್ಲ, ಹುಲಿ ಇಲ್ಲ, ಅಕ್ಷರ ಒಂದೂ ಇಲ್ಲ. ದುಂಡಿನೊಳಗೆ ಚೌಕ ಮಾತ್ರ.

ನಾವಿಬ್ಬರೂ ಮಾತಾಡಲಿಲ್ಲ. ಸೂರ್ಯ ಸರಿದು ಬೆಳಕು ಕಿಟಕಿಯ ಚೌಕಟ್ಟಿಗೆ ಹೋಗುವ ತನಕ ನೋಡುತ್ತಾ ನಿಂತಿದ್ದೆವು. ಆಮೇಲೆ ಶಿಫು ಒಳಗೆ ಹೋಗಿ ಕೆಂಪು ರೇಷ್ಮೆ ದಾರ ತಂದು ಗುಬುಟಿನ ತೂತಿಗೆ ಪೋಣಿಸಿ ಗಂಟು ಹಾಕಿಕೊಟ್ಟರು. ಮುಂದಿನದನ್ನು 9 ಸೆಂ.ಮೀ. ಮಾಡೋಣ, ಒಂದು ಮಿ.ಮೀ.ಗಿಂತ ತೆಳು ಮಸೆಯೋಣ ಅಂತ ಮಾತಾಗಿದೆ. ಉಮಿ ಬೂದಿ ಜರಡಿ ಹಿಡಿದು ಇಟ್ಟಿದ್ದೇನೆ.